ಎಣ್ಣೆ ಮುಕ್ಕಳಿಸುವುದು: ಪ್ರಯೋಜನವೆಷ್ಟು, ಮಿತಿ ಎಲ್ಲಿ?



ಕಳೆದ ವಾರ್ಷಿಕ ಮಹಾಸಭೆಯ ಊಟದ ಪಂಕ್ತಿಯಲ್ಲಿ ಗೊಬ್ಬರದ ದರಕ್ಕಿಂತಲೂ ಹೆಚ್ಚು ಚರ್ಚೆಗೆ ಬಂದ ವಿಷಯವೊಂದಿತ್ತು. ಬೆಳಿಗ್ಗೆ ಎಣ್ಣೆಯಿಂದ ಬಾಯಿ ಮುಕ್ಕಳಿಸಿದರೆ ಹಲ್ಲಿನ ಡಾಕ್ಟರ ಬಳಿ ಹೋಗುವ ಪ್ರಮೇಯವೇ ಬರುವುದಿಲ್ಲವೆಂದು ಕೆಲವರೂ, ಅದೆಲ್ಲ ಬರಿಯ ಭ್ರಮೆಯೆಂದು ಮತ್ತೆ ಕೆಲವರೂ ವಾದಿಸಿದರು. ಈ ಬಗ್ಗೆ ಪತ್ರಿಕೆಯಲ್ಲಿ ನಾಲ್ಕು ಮಾತು ಬರೆಯಬೇಕೆಂಬ ಒತ್ತಾಯವೂ ಬಂದಿತು. ನಾವು ವೈದ್ಯರಲ್ಲ. ಆದರೆ ಓದಿ ತಿಳಿದದ್ದನ್ನೂ, ಒಂದು ಹಲ್ಲು ಕಳೆದುಕೊಂಡು ಕಲಿತದ್ದನ್ನೂ ಇಲ್ಲಿ ಸದಸ್ಯರ ಮುಂದಿಡುತ್ತಿದ್ದೇವೆ.

ಎರಡು ಬಗೆಯ ಕವಳ

ಮಲೆನಾಡಿನಲ್ಲಿ 'ಕವಳ' ಎಂದರೆ ಎಲೆಯಡಿಕೆ. ಆಯುರ್ವೇದದಲ್ಲಿ 'ಕವಲ' ಎಂದರೆ ಎಣ್ಣೆ ಅಥವಾ ಕಷಾಯವನ್ನು ಬಾಯಲ್ಲಿಟ್ಟು ಆಡಿಸುವುದು. ಮೂಲ ಒಂದೇ, ಬಾಯಿತುಂಬ ಒಂದು ತುತ್ತು ಎಂದರ್ಥ. ಬಾಯಿ ಆಡಿಸಲಾಗದಷ್ಟು ತುಂಬಿಕೊಂಡು ಸುಮ್ಮನಿದ್ದರೆ ಅದು 'ಗಂಡೂಷ'. ಚರಕ ಸಂಹಿತೆಯ ಸೂತ್ರಸ್ಥಾನದ 5ನೆಯ ಅಧ್ಯಾಯದಲ್ಲಿ ತೈಲಗಂಡೂಷದಿಂದ ದವಡೆಗೆ ಬಲ ಬರುವುದು, ಗಂಟಲು ಒಣಗದಿರುವುದು, ತುಟಿ ಒಡೆಯದಿರುವುದು, ಹಲ್ಲು ಗಟ್ಟಿಯಾಗುವುದು ಮುಂತಾಗಿ ಹೇಳಿದೆ. ಅದನ್ನು ದಿನಚರಿಯ ಒಂದು ಅಂಗವಾಗಿ ಹೇಳಿದೆ ಎಂಬುದನ್ನು ಗಮನಿಸಬೇಕು. ಹಲ್ಲುಜ್ಜುವುದೂ ನಾಲಿಗೆ ಕೆರೆಯುವುದೂ ಅಲ್ಲಿಯೇ ಇವೆ. ಒಂದನ್ನು ಮಾಡಿದರೆ ಇನ್ನೊಂದು ಬೇಡವೆಂದಿಲ್ಲ.

ಎಣ್ಣೆ ಮಾಡುವ ಕೆಲಸ

ಹಲ್ಲಿನ ಮೇಲೆ ಸದಾ ಒಂದು ಅಂಟು ಪೊರೆ ಕಟ್ಟುತ್ತದೆ. ಅದರಲ್ಲಿರುವ ಸೂಕ್ಷ್ಮಾಣುಗಳು ಸಕ್ಕರೆ, ಬೆಲ್ಲಗಳನ್ನು ತಿಂದು ಆಮ್ಲ ಬಿಡುತ್ತವೆ, ಆಮ್ಲ ಹಲ್ಲಿನ ಕವಚವನ್ನು ಕರಗಿಸುತ್ತದೆ. ದಿನಕ್ಕೆ ಆರೇಳು ಲೋಟ ಸಿಹಿ ಕಾಫಿ ಕುಡಿಯುವ ನಮ್ಮಂಥವರ ಹಲ್ಲಿಗೆ ಅಷ್ಟೂ ಸಲ ಈ ಆಮ್ಲದ ಸ್ನಾನವಾಗುತ್ತದೆ. ಎಣ್ಣೆಯನ್ನು ಹಲ್ಲಿನ ಸಂದುಗಳಲ್ಲಿ ಆಡಿಸಿದಾಗ ಪೊರೆ ಸ್ವಲ್ಪ ಸಡಿಲಗೊಳ್ಳುತ್ತದೆ, ಬಾಯಿ ಒಣಗುವುದು ಕಡಿಮೆಯಾಗುತ್ತದೆ. 2009ರಲ್ಲಿ ಪ್ರಕಟವಾದ ಚೆನ್ನೈಯ ಅಧ್ಯಯನವೊಂದರಲ್ಲಿ 20 ಹುಡುಗರನ್ನು 10 ದಿನ ನೋಡಿ, ಎಳ್ಳೆಣ್ಣೆಯಿಂದ ಪೊರೆಯೂ ವಸಡಿನ ಊತವೂ ಕಡಿಮೆಯಾಯಿತೆಂದು ಕಂಡುಕೊಂಡರು. ಪ್ರಯೋಗ ಚಿಕ್ಕದು, ಅವಧಿಯೂ ಅಲ್ಪ. ಅಮೆರಿಕದ ದಂತವೈದ್ಯರ ಸಂಘವು ಇಂಥ ಸಾಕ್ಷ್ಯ ಸಾಲದೆಂದು ಈ ಪದ್ಧತಿಯನ್ನು ಶಿಫಾರಸು ಮಾಡಿಲ್ಲ.

ಮುಕ್ಕಳಿಸಿದ ಎಣ್ಣೆ ಹಾಲಿನಂತೆ ಬೆಳ್ಳಗಾಗುವುದು ದೇಹದ ವಿಷ ಹೊರಬಂದುದರಿಂದ ಎನ್ನುವವರಿದ್ದಾರೆ. ಅದು ಸರಿಯಲ್ಲ. ಎಣ್ಣೆಯೊಡನೆ ಜೊಲ್ಲು ಕಡೆದು ಬೆರೆತಾಗ ಹಾಗಾಗುತ್ತದೆ, ಅಷ್ಟೆ.

ಕ್ರಮ

1. ಖಾಲಿ ಹೊಟ್ಟೆಯಲ್ಲಿ ನೆಟ್ಟಗೆ ಕುಳಿತು ಎರಡು ಮೂರು ಚಮಚ (10ರಿಂದ 15 ಮಿ.ಲೀ.) ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆಯನ್ನು ಬಾಯಿಗೆ ಹಾಕಿಕೊಳ್ಳಬೇಕು.
2. ಮೊದಲು 5 ನಿಮಿಷ, ರೂಢಿಯಾದ ಮೇಲೆ 10ರಿಂದ 15 ನಿಮಿಷ ಮೆಲ್ಲಗೆ ಆಡಿಸಬೇಕು. ಗಂಟಲಿನಲ್ಲಿ ಗಳಗಳ ಮಾಡಬಾರದು, ನುಂಗಬಾರದು.
3. ಬಚ್ಚಲ ಕೊಳವೆಗೆ ಉಗುಳಬಾರದು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ ಕೊಳವೆ ಕಟ್ಟಿಕೊಳ್ಳುತ್ತದೆ. ಬೂದಿಗುಂಡಿ ಲೇಸು.
4. ಬೆಚ್ಚನೆಯ ನೀರಿನಿಂದ ಬಾಯಿ ತೊಳೆದು, ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಬೇಕು. ಎಣ್ಣೆಯಲ್ಲಿ ಫ್ಲೋರೈಡ್ ಇಲ್ಲ.
5. ಚಿಕ್ಕ ಮಕ್ಕಳು, ನುಂಗಲು ಕಷ್ಟಪಡುವ ವೃದ್ಧರು ಇದನ್ನು ಮಾಡಕೂಡದು. ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ನಮ್ಮ ಅನುಭವ

ಕೆಲವು ವರ್ಷಗಳ ಹಿಂದೆ ನಮ್ಮ ಕೆಳದವಡೆಯ ಹಲ್ಲೊಂದು ಹುಳುಕಾಯಿತು. ಕಾಫಿ ಕೊಯ್ಲಿನ ಗಡಿಬಿಡಿ. ಪೇಟೆಗೆ ಹೋಗಲು ಸೋಮಾರಿತನ. ಆರು ತಿಂಗಳು ನಿಷ್ಠೆಯಿಂದ ಎಣ್ಣೆ ಮುಕ್ಕಳಿಸಿದೆವು. ಬಾಯಿ ಹಗುರವೆನಿಸಿತು, ವಸಡಿನ ರಕ್ತ ನಿಂತಿತು. ಆದರೆ ಒಂದು ರಾತ್ರಿ ಕೆನ್ನೆ ಊದಿ ಜ್ವರ ಬಂದು, ಹಲ್ಲನ್ನು ಕೀಳಿಸಬೇಕಾಯಿತು. ಮೊದಲೇ ಬಂದಿದ್ದರೆ ತುಂಬಿಸಿ ಉಳಿಸಬಹುದಿತ್ತೆಂದರು ಡಾಕ್ಟರು.

ಬೆಳೆಗಾರರಾದ ನಮಗೆ ಇದು ತಿಳಿಯದ ವಿಷಯವಲ್ಲ. ಕೊಳೆರೋಗಕ್ಕೆ ಶೇಕಡ 1ರ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುಂಚೆ ಹೊಡೆಯುತ್ತೇವೆ. ಕೊಳೆತು ಉದುರಿದ ಕಾಯಿ ಯಾವ ದ್ರಾವಣದಿಂದಲೂ ಗೊನೆಗೆ ಮರಳಿ ಅಂಟುವುದಿಲ್ಲ. ಕಾಂಡಕೊರಕ ಒಳಹೊಕ್ಕ ಕಾಫಿ ಗಿಡಕ್ಕೆ ತೊಗಟೆಯ ಮೇಲೆ ಏನು ಸವರಿದರೇನು? ಹುಳುಕು ಹಲ್ಲಿನ ಕಥೆಯೂ ಇಷ್ಟೆ.

ಹೇಳಲೇಬೇಕಾದ ಮಾತು

ಇನ್ನೊಂದು ವಿಷಯ ಬರೆಯಲು ನಮ್ಮ ಕೈ ಹಿಂಜರಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1985ರಲ್ಲಿ ಹೊಗೆಸೊಪ್ಪು ಸೇರಿದ ಎಲೆಯಡಿಕೆಯನ್ನೂ, 2004ರಲ್ಲಿ ಪ್ರಕಟವಾದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ನಮ್ಮ ಅನ್ನ ಈ ಬೆಳೆಯಲ್ಲಿದೆ. ಬೆಲೆಯ ಚಿಂತೆ ನಮಗೂ ಇದೆ. ಆದರೆ ಬೆಲೆಗಾಗಿ ಸದಸ್ಯರ ಬಾಯಿಯ ವಿಷಯದಲ್ಲಿ ಮೌನವಾಗಿರುವುದು ಸಹಕಾರ ಧರ್ಮವಲ್ಲ. ಅಡಿಕೆ ಸುಲಿಯುವ ಚಪ್ಪರದಲ್ಲಿ ಇಡೀ ರಾತ್ರಿ ಕವಳ ಹಾಕುವವರು, ಬೆಳಿಗ್ಗೆ ಎಣ್ಣೆ ಮುಕ್ಕಳಿಸಿದರೆ ಎಲ್ಲ ತೊಳೆದುಹೋಗುವುದೆಂದು ನಂಬಿದ್ದಾರೆ. ಹೋಗುವುದಿಲ್ಲ.

ಕನ್ನಡಿಯ ಮುಂದೆ ನಿಂತು ನೋಡಿಕೊಳ್ಳಿ. ಬಾಯೊಳಗೆ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಖಾರ ತಾಗಿದರೆ ಸಹಿಸಲಾಗದ ಉರಿ ಇವೆಯೇ? ಮೂರು ಬೆರಳು ಜೋಡಿಸಿ ನಿಲ್ಲಿಸಿದರೆ ಮೇಲಿನ ಕೆಳಗಿನ ಹಲ್ಲುಗಳ ನಡುವೆ ಹಿಡಿಸುತ್ತವೆಯೇ? ಹಿಡಿಸದಿದ್ದರೆ ಎಣ್ಣೆಯ ಬಾಟಲಿ ಬದಿಗಿಟ್ಟು, ಕವಳವನ್ನು ಅಂದೇ ಬಿಟ್ಟು, ಆಸ್ಪತ್ರೆಗೆ ಹೊರಡಿ. ನಿಮ್ಮ ತೋಟದ ಆಳುಗಳನ್ನೂ ಕೇಳಿ ನೋಡಿ, ಅಗತ್ಯವಿದ್ದವರನ್ನು ಜೀಪಿನಲ್ಲಿ ಜೊತೆಗೆ ಕರೆದೊಯ್ಯಿರಿ. ಒಂದು ದಿನದ ಕೂಲಿಗಿಂತ ಒಂದು ಬಾಯಿ ದೊಡ್ಡದು.

ಎಣ್ಣೆಯನ್ನು ನಾವು ಈಗಲೂ ಮುಕ್ಕಳಿಸುತ್ತೇವೆ. ಆದರೆ ಬ್ರಷ್ಷು ಅದರ ಪಕ್ಕದಲ್ಲಿದೆ, ವರ್ಷಕ್ಕೊಮ್ಮೆ ಹಲ್ಲಿನ ಡಾಕ್ಟರ ಬಳಿ ಹೋಗುವ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಾಗಿದೆ.