ಸೆಕೆಗೆ ಅನ್ನ ಬಿಟ್ಟ ನಾಯಿ: ದೊಡ್ಡಮ್ಮನ ಕಿವಿಮಾತು

ಶಿವರಾತ್ರಿ ಕಳೆದು ಸೆಕೆ ಏರತೊಡಗಿತೆಂದರೆ ಮಣಿಪಾಲದಿಂದಲೋ ಕಾಪುವಿನಿಂದಲೋ ನೆಂಟರ ಮಕ್ಕಳ ಫೋನು ಶುರು: "ದೊಡ್ಡಮ್ಮಾ, ಇವ ಅನ್ನ ಮುಟ್ಟುವುದಿಲ್ಲ. ನಿನ್ನೆ ಕೋಳಿ ಹಾಕಿದರೆ ತಿಂದ, ಇವತ್ತು ಅದೂ ಬೇಡವಂತೆ. ಎಂತ ಮಾಡುವುದು?" ಕಾರ್ಕಳದ ಕಡೆಯ ತೋಟದ ಮನೆಯಲ್ಲಿ ನಾಯಿಗಳ ನಡುವೆಯೇ ಮುದುಕಿಯಾದವಳು ನಾನು, ಅದಕ್ಕೇ ಕೇಳುತ್ತಾರೆ. ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ಸೆಕೆಗೆ ಹಸಿವು ಇಳಿಯುವುದು ರೋಗವಲ್ಲ. ಊಟದ ಹೊತ್ತು ಬದಲಿಸಿದರೆ ಸಾಕು, ಊಟವನ್ನೇ ಬದಲಿಸುತ್ತ ಹೋಗಬೇಡಿ. ಹಾಗೆಂದು ಎಲ್ಲವನ್ನೂ ಸೆಕೆಯ ತಲೆಗೆ ಕಟ್ಟಿ ಕೂರಲೂ ಬೇಡಿ. ನಮ್ಮ ಕರಾವಳಿಯಲ್ಲಿ ನಾಯಿ ಊಟ ಬಿಡುವುದಕ್ಕೆ ಬೇರೆ ಕಾರಣಗಳೂ ಉಂಟು, ಕೆಲವು ಜೀವ ತೆಗೆಯುವಂಥವು.

• ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬೆವರುವುದು ಪಾದದ ಅಡಿಯಲ್ಲಿ ಮಾತ್ರ. ಉಳಿದ ಬಿಸಿಯನ್ನು ನಾಲಿಗೆ ಚಾಚಿ, ಏದುಸಿರು ಬಿಟ್ಟು, ಬಾಯಿಯ ಪಸೆ ಆರಿಸಿಕೊಂಡು ಹೊರಹಾಕಬೇಕು. ಗಾಳಿಯಲ್ಲೇ ನೀರು ತುಂಬಿರುವ ನಮ್ಮೂರಲ್ಲಿ ಆ ಪಸೆ ಬೇಗ ಆರುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ 40 ಡಿಗ್ರಿ ಬಿಸಿಲಿದ್ದರೂ ಅದು ಒಣ ಬಿಸಿಲು, ಅಲ್ಲಿಯ ಬೇಟೆನಾಯಿ ನೆರಳಿಗೆ ಬಂದು ಸುಧಾರಿಸಿಕೊಳ್ಳುತ್ತದೆ. ಉಡುಪಿಯ 34 ಡಿಗ್ರಿಗೇ ನಮ್ಮ ಲ್ಯಾಬ್ರಡಾರ್ ಸೋತು ಮಲಗುತ್ತದೆ. ತಿಂದದ್ದು ಜೀರ್ಣವಾಗುವಾಗಲೂ ಮೈಯಲ್ಲಿ ಬಿಸಿ ಹುಟ್ಟುತ್ತದೆ. ಹಾಗಾಗಿ ಮಧ್ಯಾಹ್ನ ಬಟ್ಟಲಿಗೆ ಬೆನ್ನು ಹಾಕಿ ಮಲಗಿದ ನಾಯಿ ಧಿಮಾಕು ಮಾಡುತ್ತಿಲ್ಲ, ಇನ್ನೂ ಬಿಸಿ ಬೇಡ ಎನ್ನುತ್ತಿದೆ.

• ಬೆಳಿಗ್ಗೆ ಆರೂವರೆಯ ಒಳಗೆ ಒಂದು ಊಟ, ರಾತ್ರಿ ಎಂಟರ ಮೇಲೆ ಇನ್ನೊಂದು. ಮಧ್ಯಾಹ್ನದ ಬಟ್ಟಲನ್ನು ಮೇ ಮುಗಿಯುವವರೆಗೆ ಮರೆತುಬಿಡಿ (ಮರಿಗಳಿಗೆ ಈ ಮಾತು ಹೇಳುತ್ತಿಲ್ಲ, ಅವಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ಬೇಕೇ ಬೇಕು). ನಡೆದಾಡಿಸಿ ತಂದ ಕೂಡಲೇ ಬಟ್ಟಲು ಇಡಬೇಡಿ. ಏದುಸಿರು ನಿಲ್ಲಲಿ, ಅರ್ಧ ಗಂಟೆ ಹೋಗಲಿ. ಹೊತ್ತು ಬದಲಿಸಿದ ಮೇಲೆ ದಿನದ ಒಟ್ಟು ಊಟದಲ್ಲಿ ಕಾಲು ಭಾಗ ಕಡಿಮೆಯಾದರೂ ಚಿಂತೆ ಇಲ್ಲ, ನಾಯಿ ಚುರುಕಾಗಿದ್ದರೆ ಸರಿ.

• ಬಟ್ಟಲು ಇಟ್ಟು ಇಪ್ಪತ್ತು ನಿಮಿಷ ಬಿಡಿ. ತಿನ್ನದಿದ್ದರೆ ಎತ್ತಿಡಿ. ಬೈಯುವುದೂ ಬೇಡ, ಮುದ್ದು ಮಾಡಿ ಬಾಯಿಗೆ ತುರುಕುವುದೂ ಬೇಡ. ಅನ್ನ ಬಿಟ್ಟಾಗ ಮೊಟ್ಟೆ, ಮೊಟ್ಟೆ ಬಿಟ್ಟಾಗ ಕೋಳಿ, ಕೋಳಿ ಬಿಟ್ಟಾಗ ಐಸ್‌ಕ್ರೀಮು ಎಂದು ಮೆಟ್ಟಿಲು ಕಟ್ಟಿಕೊಟ್ಟವರು ನೀವೇ. ಮೂಸಿ ಬಿಟ್ಟರೆ ಮೇಲಿನದು ಬರುತ್ತದೆ ಎಂದು ಅದು ಕಲಿತಿದೆ. ಸೆಕೆ ಹೋದ ಮೇಲೂ ಆ ಪಾಠ ಮರೆಯುವುದಿಲ್ಲ. ಆರೋಗ್ಯವಾಗಿರುವ ದೊಡ್ಡ ನಾಯಿ ಒಂದು ಹೊತ್ತು ಉಪವಾಸ ಇದ್ದರೆ ಏನೂ ಆಗುವುದಿಲ್ಲ. ನಾವು ಏಕಾದಶಿ ಮಾಡುವುದಿಲ್ಲವೇ?

• ಬಿಸ್ಕತ್ತಿನ ಲೆಕ್ಕ ಇಡಿ. ಒಂದು ಮಾರಿ ಬಿಸ್ಕತ್ತಿನಲ್ಲಿ 25 ಕ್ಯಾಲೊರಿಯಷ್ಟು ಉಂಟು. ಹತ್ತು ಕಿಲೋ ತೂಕದ ನಾಯಿಗೆ ದಿನಕ್ಕೆ ಬೇಕಾದ್ದು 600 ಚಿಲ್ಲರೆ ಕ್ಯಾಲೊರಿ, ಅದರಲ್ಲಿ ಚಿಲ್ಲರೆ ತಿಂಡಿ ಹತ್ತರಲ್ಲಿ ಒಂದು ಪಾಲು ಮೀರಬಾರದು. ಅಂದರೆ ಎರಡು ಬಿಸ್ಕತ್ತಿಗೆ ಬಾಗಿಲು ಮುಚ್ಚಿತು. ಅಜ್ಜ ಚಹಾದ ಹೊತ್ತಿಗೆ ನಾಲ್ಕು, ಶಾಲೆಯಿಂದ ಬಂದ ಮಗು ಮೂರು, ಪೇಪರ್ ಓದುತ್ತಾ ಅಪ್ಪ ಮೂರು ಕೊಟ್ಟರೆ ದಿನದ ಊಟದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಅಲ್ಲೇ ಮುಗಿಯಿತು. ರಾತ್ರಿ ಅದಕ್ಕೆ ಹಸಿವು ಎಲ್ಲಿಂದ ಬರಬೇಕು?

• ನೆರೆಮನೆಯಲ್ಲಿ ಒಮ್ಮೆ ವಿಚಾರಿಸಿ. ನಿಮ್ಮಲ್ಲಿ ಮೊಸರನ್ನ ಮೂಸಿ ನೋಡದವನು ಆಚೆ ಮನೆಯಲ್ಲಿ ದಿನಾ ಬೂತಾಯಿ ತಿಂದು ಬರುತ್ತಿರಬಹುದು. ಎಷ್ಟೋ "ಹಸಿವಿಲ್ಲದ" ನಾಯಿಗಳ ಗುಟ್ಟು ಇಷ್ಟೇ.

• ಕಾಪುವಿನವರಿಗೆ ಒಂದು ವಿಶೇಷ ಮಾತು. ಮಾರ್ಚಿನಲ್ಲಿ ಮಾರಿಗುಡಿಯ ಸುಗ್ಗಿ ಮಾರಿಪೂಜೆ ಬಂದಾಗ ಊರೆಲ್ಲ ಕೋಳಿ ಸುಕ್ಕ, ಊರೆಲ್ಲ ಎಲುಬು. ಬೇಯಿಸಿದ ಕೋಳಿ ಎಲುಬು ಚೂಪಾಗಿ ಸೀಳುತ್ತದೆ, ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ಆ ಎರಡು ದಿನ ನಾಯಿಯನ್ನು ಕಟ್ಟಿಡಿ. ಮರುದಿನ ಗಂಜಿ ಬೇಡ ಎಂದರೆ ಬಾಯಿರುಚಿ ಕೆಟ್ಟಿದೆ ಎಂದು ಬಿಡಬಹುದು. ಆದರೆ ಜೊಲ್ಲು ಸುರಿಸುತ್ತಾ ಓಕರಿಸುತ್ತಿದ್ದರೆ ಎಲುಬು ಸಿಕ್ಕಿದೆಯೋ ಎಂದು ಡಾಕ್ಟರರಲ್ಲಿ ತೋರಿಸಿ. ನೇಮ, ಮದುವೆ, ಗೃಹಪ್ರವೇಶ ಎಲ್ಲದಕ್ಕೂ ಇದೇ ಮಾತು.

• ರುಚಿಯಾಗಲೆಂದು ಮೀನಿನ ಪದಾರ್ಥ ಸುರಿಯುವ ಅಭ್ಯಾಸವೊಂದು ನಮ್ಮಲ್ಲಿ ಹಿಂದಿನಿಂದಲೂ ಉಂಟು. ಅದನ್ನು ಬಿಡಿ. ಖಾರ, ಉಪ್ಪು ಹೇಗೂ ಆಗದು. ಅದಕ್ಕಿಂತ ಕೆಟ್ಟದ್ದು ನೀರುಳ್ಳಿ, ಬೆಳ್ಳುಳ್ಳಿ. ಇವೆರಡೂ ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡ ಕೆಡಿಸುವುದು ಹಿಂದೆಯೇ ಗೊತ್ತಿತ್ತು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಈಚೆಗೆ ವೈದ್ಯರು ಹೇಳುತ್ತಿದ್ದಾರೆ. ಆ ಆಮ್ಲ ಹುಣಸೆಹುಳಿಯಲ್ಲೂ ಧಾರಾಳ ಉಂಟು. ಹುಳಿಯಿಲ್ಲದ ಮೀನುಸಾರು ನಮ್ಮಲ್ಲಿ ಯಾರ ಮನೆಯಲ್ಲಿ ಮಾಡುತ್ತಾರೆ ಹೇಳಿ? ಹಾಗಾಗಿ ಮಸಾಲೆ ಹಾಕುವ ಮೊದಲೇ ನಾಯಿಯ ಪಾಲಿನ ಎರಡು ಬಂಗುಡೆ ಬೇರೆ ತೆಗೆದು ಬರೀ ನೀರಲ್ಲಿ ಬೇಯಿಸಿ, ಮುಳ್ಳು ಬಿಡಿಸಿ ಕೊಡಿ. ದ್ರಾಕ್ಷಿ ಹಾಕಿದ ಪಾಯಸ ದೂರ ಇಡಿ.

• ಕುಚ್ಚಲಕ್ಕಿ ಗಂಜಿ ಸೆಕೆಗೆ ಒಳ್ಳೆಯದೇ, ನೀರೂ ಹೊಟ್ಟೆಗೆ ಹೋಗುತ್ತದೆ. ಆದರೆ ಗಂಜಿಯೊಂದರಲ್ಲೇ ನಾಯಿ ಬದುಕಲಾರದು. ಒಂದು ಬೇಯಿಸಿದ ಮೊಟ್ಟೆ, ಇಲ್ಲವೇ ಮೀನು, ಕೋಳಿ ಸೇರಲಿ. ಹುಳಿಯಿಲ್ಲದ ಮೊಸರು ಒಂದೆರಡು ಚಮಚ ಹಾಕಿ, ಹಾಲು ಹೆಚ್ಚಿನ ನಾಯಿಗಳಿಗೆ ಒಗ್ಗುವುದಿಲ್ಲ. ಗಂಜಿ ಉಗುರು ಬೆಚ್ಚಗಿರಲಿ. ಫ್ರಿಜ್ಜಿನಿಂದ ತೆಗೆದ ತಣ್ಣನೆ ಅನ್ನಕ್ಕೆ ಪರಿಮಳ ಇಲ್ಲ, ಮೂಗಿನಿಂದ ಉಣ್ಣುವ ಪ್ರಾಣಿಗೆ ಪರಿಮಳ ಬೇಕು. ಬಟ್ಟಲಲ್ಲಿ ಉಳಿದದ್ದು ಏಪ್ರಿಲ್ ಸೆಕೆಗೆ ಒಂದು ಗಂಟೆಯಲ್ಲೇ ಕೆಡತೊಡಗುತ್ತದೆ. ಸಂಜೆ ಮತ್ತೆ ಅದನ್ನೇ ಮುಂದಿಡುವುದು ಬೇಡ.

• ಅಂಗಡಿಯ ಒಣ ಆಹಾರ ಹಾಕುವವರೇ, ಮೊದಲು ಚೀಲ ಮೂಸಿ ನೋಡಿ. ಅಗ್ಗ ಸಿಕ್ಕಿತೆಂದು ಹದಿನೈದು ಇಪ್ಪತ್ತು ಕಿಲೋದ ಚೀಲ ತಂದು ಬಾಯಿ ತೆರೆದಿಟ್ಟರೆ ನಮ್ಮ ಗಾಳಿಗೆ ಅದರ ಕೊಬ್ಬು ಕಮಟಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಬೂಸ್ಟಿನಲ್ಲಿ ಯಕೃತ್ತಿಗೆ ವಿಷವಾಗುವಂಥವೂ ಉಂಟು. ಅಂಥದ್ದನ್ನು ಬೇಡ ಎಂದ ನಾಯಿ ನಮಗಿಂತ ಬುದ್ಧಿವಂತ. ಒಂದು ತಿಂಗಳಲ್ಲಿ ಮುಗಿಯುವಷ್ಟೇ ತನ್ನಿ, ಚೀಲದ ಸಮೇತ ಗಾಳಿಯಾಡದ ಡಬ್ಬದಲ್ಲಿಡಿ.

• ಅನ್ನಕ್ಕಿಂತ ಮೊದಲು ನೀರು. ಕಿಲೋಗೆ 50ರಿಂದ 60 ಮಿಲಿ ಮಾಮೂಲಿ ಲೆಕ್ಕ. ಇಪ್ಪತ್ತು ಕಿಲೋ ನಾಯಿಗೆ ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು, ಸೆಕೆಗೆ ಅದಕ್ಕೂ ಮೇಲೆ. ಜಗಲಿಯಲ್ಲೊಂದು, ಒಳಗೊಂದು, ಬಾವಿಕಟ್ಟೆಯ ನೆರಳಲ್ಲೊಂದು ಪಾತ್ರೆ ಇಡಿ. ಮಣ್ಣಿನದಾದರೆ ನೀರು ತಂಪಾಗಿರುತ್ತದೆ. ದಿನಕ್ಕೆ ಎರಡು ಸಲ ತೊಳೆದು ತುಂಬಿ.

• ಬೀಜ ತೆಗೆದ ಕಲ್ಲಂಗಡಿ, ಮುಳ್ಳುಸೌತೆ ನಾಲ್ಕು ತುಂಡು ಕೊಡಬಹುದು. ಬೊಂಡದ ನೀರು ಎರಡು ಮೂರು ಚಮಚ ಸಾಕು, ಇಡೀ ಬೊಂಡ ಸುರಿದರೆ ಹೊಟ್ಟೆ ಸಡಿಲವಾಗುತ್ತದೆ.

• ಕಾರ್ಕಳ ಕಡೆಯ ಹಿತ್ತಲಿನವರು ಏಪ್ರಿಲ್, ಮೇಯಲ್ಲಿ ಮರದ ಬುಡ ನೋಡಿಕೊಳ್ಳಿ. ಬಿದ್ದ ಹಲಸಿನಹಣ್ಣು ಹರಿದು ತಿಂದ ನಾಯಿಗೆ ರಾತ್ರಿ ಊಟ ಬೇಡವಾಗುವುದು ಸಹಜ. ಭಯ ಇರುವುದು ಗೊರಟಿನಲ್ಲಿ. ಮಾವಿನ ಗೊರಟು, ಹಲಸಿನ ಬೀಜ ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ತಿಂದದ್ದೆಲ್ಲ ಕಕ್ಕುವುದು, ಹೊಟ್ಟೆ ಮುಟ್ಟಿದರೆ ಗುರುಗುಟ್ಟುವುದು, ಕಕ್ಕಸು ನಿಲ್ಲುವುದು ಕಂಡರೆ ಮನೆಮದ್ದು ಮಾಡಿ ಕಾಯಬೇಡಿ, ಆಪರೇಷನ್ನೇ ಬೇಕಾಗಬಹುದು. ಹಸಿ ಗೇರುಬೀಜ ಕಚ್ಚಿದರೆ ಸಿಪ್ಪೆಯ ಸೊನೆಗೆ ಬಾಯಿ ಸುಟ್ಟು ಊಟ ಬಿಡುತ್ತದೆ. ಇನ್ನು ಕಾರ್ಕಳದ ಪಾರೆಕಲ್ಲು ಸಂಜೆ ಏಳಾದರೂ ಬಿಸಿ ಉಗುಳುತ್ತಿರುತ್ತದೆ. ನಿಮ್ಮ ಅಂಗೈ ಹಿಂಭಾಗವನ್ನು ನೆಲದ ಮೇಲೆ ಐದು ಸೆಕೆಂಡು ಇಡಲಾಗದಿದ್ದರೆ ನಾಯಿಯನ್ನೂ ಅಲ್ಲಿ ನಡೆಸಬೇಡಿ.

• ಕಾಪು ಬೀಚಿಗೆ, ಮಲ್ಪೆಗೆ ಕರೆದೊಯ್ಯುವವರು ಕುಡಿಯುವ ನೀರು ಜೊತೆಯಲ್ಲಿ ಒಯ್ಯಿರಿ. ಬಾಯಾರಿದ ನಾಯಿ ಸಮುದ್ರದ ನೀರು ಕುಡಿದು ರಾತ್ರಿಯಿಡೀ ಕಕ್ಕುತ್ತದೆ, ಭೇದಿ ಮಾಡುತ್ತದೆ. ಮರಳಲ್ಲಿ ಕೊಳೆತ ಮೀನು ಹೆಕ್ಕಿದರೂ ಅದೇ ಗತಿ.

• ಮಣಿಪಾಲದ ಫ್ಲಾಟಿನವರೇ, ಹಸ್ಕಿಯಂಥ ಚಳಿನಾಡಿನ ನಾಯಿ ತಂದದ್ದಾಯಿತು, ಇನ್ನು ಬೈದು ಪ್ರಯೋಜನವಿಲ್ಲ. ಎಸಿ ಕೋಣೆಯಿಂದ ನೇರ ಮಧ್ಯಾಹ್ನದ ಬಿಸಿಲಿಗೆ ಇಳಿಸಬೇಡಿ, ಕರೆಂಟು ಹೋದಾಗ ಒದ್ದೆ ಬಟ್ಟೆ, ಗಾಳಿಗೆ ಕಿಟಕಿ ಸಿದ್ಧವಿರಲಿ. 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತು ನೋಡಿ ಊರೆಲ್ಲ "ಹಚ್ ನಾಯಿ" ಎಂದು ಕರೆದ ಪಗ್ಗಿಗೆ ಚಪ್ಪಟೆ ಮೂಗು, ಉಸಿರಾಟವೇ ಕಷ್ಟ. ತಿನ್ನುವಾಗಲೂ ಅದಕ್ಕೆ ದಣಿವಾಗುತ್ತದೆ, ತಂಪು ಹೊತ್ತಿನಲ್ಲೇ ಊಟ ಮೂರು ಸಣ್ಣ ಪಾಲು ಮಾಡಿ. ರಜೆಗೆ ಊರಿಗೆ ಹೋಗುವಾಗ ಬೇರೆಯವರ ಮನೆಯಲ್ಲಿ ಬಿಟ್ಟರೆ ಯಾವ ನಾಯಿಯೂ ಒಂದು ದಿನ ತಿನ್ನದೆ ಕೂರಬಹುದು. ಅದು ಸೆಕೆಯಲ್ಲ, ನಿಮ್ಮ ನೆನಪು. ನೀವು ಉಟ್ಟ ಒಂದು ಹಳೆ ಬಟ್ಟೆ ಜೊತೆಯಲ್ಲಿ ಕಳಿಸಿ.

• ಉಣ್ಣಿಯ ವಿಷಯ ಸ್ವಲ್ಪ ಉದ್ದಕ್ಕೆ ಹೇಳಬೇಕು, ನಮ್ಮಲ್ಲಿ ಸೆಕೆಯ ಹೆಸರಲ್ಲಿ ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ. ಉಣ್ಣಿ ಕಚ್ಚಿ ಒಂದರಿಂದ ಮೂರು ವಾರದಲ್ಲಿ ಉಣ್ಣಿಜ್ವರ ಕಾಣಿಸಬಹುದು. ಮೊದಲ ಸೂಚನೆ ಊಟ ಬಿಡುವುದೇ. ಸೆಕೆಗೆ ಊಟ ಬಿಟ್ಟ ನಾಯಿ ಬೆಳಗಿನ ತಂಪಿಗೆ ಎದ್ದು ಬಾಲ ಆಡಿಸುತ್ತದೆ, ಗೇಟಿನವರೆಗೆ ಓಡಿ ಬರುತ್ತದೆ, ಏನಾದರೂ ತಿನ್ನುತ್ತದೆ. ಉಣ್ಣಿಜ್ವರದ್ದು ಬೆಳಿಗ್ಗೆಯೂ ಎದ್ದು ಬರುವುದಿಲ್ಲ. ಒಸಡು ಬಿಳಚಿರುತ್ತದೆ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ ಕಾಣಬಹುದು, ಕೆಲವಕ್ಕೆ ಮೂಗಿನಲ್ಲಿ ರಕ್ತ. ರಕ್ತ ಪರೀಕ್ಷೆ ಮಾಡಿಸಿ. ಡಾಕ್ಟರರು ಮೂರು ನಾಲ್ಕು ವಾರ ಮಾತ್ರೆ ಬರೆದರೆ, ನಾಲ್ಕನೇ ದಿನ ಅನ್ನ ತಿಂದಿತೆಂದು ನಿಲ್ಲಿಸಬೇಡಿ. ಉಣ್ಣಿ ಇರುವುದು ನಾಯಿಯ ಮೈಮೇಲಷ್ಟೇ ಅಲ್ಲ, ಕೆಳಗಿಳಿದು ಮುರಕಲ್ಲಿನ ಗೋಡೆಯ ಸಂದಿಯಲ್ಲಿ, ಗೂಡಿನ ಮೂಲೆಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಅಲ್ಲಿಯೂ ಮದ್ದು ಬೀಳಬೇಕು. ಸೀಮೆಎಣ್ಣೆ ಹಚ್ಚುವ ಹಳೆಯ ಪದ್ಧತಿ ಮಾತ್ರ ಬೇಡ ಮಾರಾಯ್ರೆ, ಚರ್ಮ ಸುಡುತ್ತದೆ, ನೆಕ್ಕಿದರೆ ವಿಷ.

• ಹೆಣ್ಣು ನಾಯಿ ಬೆದೆಗೆ ಬಂದು ಒಂದೆರಡು ತಿಂಗಳಲ್ಲಿ ಊಟ ಬಿಟ್ಟು ವಿಪರೀತ ನೀರು ಕುಡಿಯುತ್ತಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಅದೇ ದಿನ ಡಾಕ್ಟರರ ಹತ್ತಿರ ಹೋಗಿ.

• ಎಷ್ಟು ಕಾಯಬಹುದು? ದೊಡ್ಡ ನಾಯಿ ನೀರು ಕುಡಿಯುತ್ತಾ ಚುರುಕಾಗಿದ್ದರೆ ಒಂದು ದಿನ. ಮರಿಯಾದರೆ ಒಂದು ಹೊತ್ತು, ಹೆಚ್ಚೆಂದರೆ ಎರಡು. ನೀರನ್ನೂ ಬಿಟ್ಟರೆ ಕಾಯುವ ಮಾತೇ ಇಲ್ಲ. ಮನೆಯಲ್ಲಿ ಒಂದು ಥರ್ಮಾಮೀಟರು ನಾಯಿಗೆಂದೇ ಇರಲಿ. ಗುದದಲ್ಲಿಟ್ಟು ನೋಡಿದಾಗ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದರ ಮಾಮೂಲಿ ಬಿಸಿ, ನಮಗೆ ಜ್ವರ ಎನಿಸುವುದು ಅದಕ್ಕೆ ಆರೋಗ್ಯ. ಒಸಡನ್ನು ಬೆರಳಿಂದ ಒತ್ತಿ ಬಿಡಿ, ಎರಡು ಸೆಕೆಂಡಿನಲ್ಲಿ ಮತ್ತೆ ಗುಲಾಬಿಯಾಗಬೇಕು. ತಾಲೂಕು ಪಶು ಆಸ್ಪತ್ರೆಯ ನಂಬರನ್ನು ಈಗಲೇ ಬರೆದಿಟ್ಟುಕೊಳ್ಳಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962.

• ನಾಲಿಗೆ ಗಾಢ ಕೆಂಪಾಗಿ, ಅಂಟು ಜೊಲ್ಲು ಸುರಿದು, ಕಾಲು ತಡವರಿಸಿದರೆ ಅದು ಬಿಸಿಲಾಘಾತ. ಅನ್ನದ ಮಾತು ಬಿಡಿ. ನೆರಳಿಗೆ ತಂದು ಬಾವಿನೀರನ್ನು ಹೊಟ್ಟೆ, ತೊಡೆಸಂದು, ಪಾದಕ್ಕೆ ಸುರಿಯುತ್ತಾ ಫ್ಯಾನು ಹಾಕಿ, ಆಮೇಲೆ ಗಾಡಿ ಹತ್ತಿಸಿ. ಪ್ರಜ್ಞೆ ಸರಿಯಿಲ್ಲದ ನಾಯಿಯ ಬಾಯಿಗೆ ನೀರು ಹೊಯ್ಯಬೇಡಿ.

• ಮನುಷ್ಯರ ಜ್ವರದ ಮಾತ್ರೆ, ನೋವಿನ ಮಾತ್ರೆ ಕೊಡಲೇಬೇಡಿ. ಪ್ಯಾರಸಿಟಮಾಲ್, ಐಬುಪ್ರೊಫೆನ್ ಎರಡೂ ನಾಯಿಯನ್ನು ಕೊಲ್ಲಬಲ್ಲವು.

• ಹದಿನೈದು ದಿನಕ್ಕೊಮ್ಮೆ ತೂಕ ನೋಡಿ. ನಾಯಿಯನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ನಿಮ್ಮ ತೂಕ ಕಳೆಯಿರಿ. ಇಪ್ಪತ್ತು ಕಿಲೋದಲ್ಲಿ ಒಂದು ಕಿಲೋ ಇಳಿದರೆ ಗಮನ ಇಡಿ, ಎರಡು ಇಳಿದರೆ ಆಸ್ಪತ್ರೆ.

• ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಹಸಿವು ತಾನಾಗಿ ಮರಳುತ್ತದೆ. ಸೊರಗಿದೆಯೆಂದು ಒಮ್ಮೆಲೇ ಬಟ್ಟಲು ತುಂಬಬೇಡಿ, ವಾರವಿಡೀ ಸ್ವಲ್ಪ ಸ್ವಲ್ಪ ಏರಿಸಿ. ಮಳೆಗಾಲದಲ್ಲೂ ಊಟ ಬಿಟ್ಟೇ ಇದ್ದರೆ ಇಲಿಜ್ವರದ ನೆನಪಿರಲಿ. ಗದ್ದೆಯ, ತೋಡಿನ ನೀರು ಕುಡಿಯುವ ನಾಯಿಗೆ ಅದರ ಲಸಿಕೆ ಮೊದಲೇ ಹಾಕಿಸಿಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮಲ್ಪೆಯ ಬೋಟುಗಳೆಲ್ಲ ದಡದಲ್ಲಿ, ಹಸಿಮೀನಿಗೆ ಚಿನ್ನದ ಬೆಲೆ. ಮೀನಿನ ರುಚಿ ಹತ್ತಿದವನು ಆಗ ಮತ್ತೆ ಮುಷ್ಕರ ಹೂಡುತ್ತಾನೆ. ಒಣಮೀನು ಹಾಕಿ ಸಮಾಧಾನ ಮಾಡಬೇಡಿ, ಅದರ ಉಪ್ಪು ನಾಯಿಗೆ ಆಗದು. ಮೇ ಕೊನೆಯ ವಾರದಿಂದಲೇ ಮೀನು ಕಡಿಮೆ ಮಾಡಿ ಮೊಟ್ಟೆ ರೂಢಿಸಿ.