ಬೆಂದ ಅನ್ನವನ್ನು ಬೇಗನೆ ತಣಿಸುವ ಕ್ರಮ

ನಮ್ಮ ವಸತಿಗೃಹದಲ್ಲಿ ಒಮ್ಮೆ ರಾತ್ರಿಯ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡಿ ಬಡಿಸಿದೆವು. ಎರಡನೆಯ ಪಾಠ ಮುಗಿಯುವುದರೊಳಗೆ 7 ಮಂದಿ ಹುಡುಗಿಯರು ವಾಂತಿಯಿಂದ ಬಳಲಿ ಮಲಗಿದರು. ಅಡುಗೆಯಾಕೆಯನ್ನು ದೂರುವಂತಿರಲಿಲ್ಲ; ದೊಡ್ಡ ತಪ್ಪಲೆಯ ಅನ್ನವನ್ನು ಹಾಗೆಯೇ ಮುಚ್ಚಿಡುವುದು ನಾವೇ ಕಲಿಸಿದ ಪದ್ಧತಿ.

ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಇರುವುದುಂಟು. ಅನ್ನ ಬೆಂದರೂ ಅವು ಸಾಯವು. ತಪ್ಪಲೆಯ ನಡುಭಾಗವು ಗಂಟೆಗಟ್ಟಲೆ ಬೆಚ್ಚಗಿರುವಾಗ ಮೊಳೆತು ವಿಷವನ್ನುಂಟುಮಾಡುತ್ತವೆ. ಆ ವಿಷವು ಮರಳಿ ಕಾಯಿಸಿದರೂ ನಾಶವಾಗದು.

ಆ ಬಳಿಕ ಬ್ಲಾಸ್ಟ್ ಚಿಲ್ಲರ್ ಎಂಬ ಯಂತ್ರವನ್ನು ತರಿಸಿದೆವು. ಬೆಲೆ ಕೇಳಿ ಮೊದಲು ಹಿಂಜರಿದುದೂ ನಿಜವೇ. ಅದು ಅತಿ ತಂಪಾದ ಗಾಳಿಯನ್ನು ರಭಸದಿಂದ ಬೀಸಿ, 70 ಡಿಗ್ರಿ ಸೆಲ್ಸಿಯಸ್ ಶಾಖದ ಆಹಾರವನ್ನು 90 ನಿಮಿಷಗಳೊಳಗೆ 3 ಡಿಗ್ರಿಗೆ ಇಳಿಸುತ್ತದೆ. ಆದರೆ ತಪ್ಪಲೆಯನ್ನೇ ಒಳಗಿಟ್ಟರೆ ಯಂತ್ರವೂ ಸೋಲುವುದು. 5 ಸೆಂಟಿಮೀಟರಿಗೆ ಮೀರದ ದಪ್ಪದಲ್ಲಿ ಅಗಲವಾದ ತಟ್ಟೆಗಳಲ್ಲಿ ಹರಡಿ, ಗಾಳಿಯಾಡಲು ಎಡೆಬಿಟ್ಟು, ಉಷ್ಣಮಾಪಕದ ಸೂಜಿಯನ್ನು ನಡುವಿಗೆ ಚುಚ್ಚಿ ನೋಡತಕ್ಕದ್ದು. ಹೆಪ್ಪುಗಟ್ಟಿಸುವುದಾದರೆ ನಡುಭಾಗವು ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿಳಿಯಬೇಕು. ಬೇಗನೆ ಹೆಪ್ಪುಗಟ್ಟಿದರೆ ಹಿಮಕಣಗಳು ಸಣ್ಣವಾಗಿ ಪದಾರ್ಥದ ಹದ ಕೆಡದು.

ಈ ಯಂತ್ರವಿಲ್ಲದ ಮನೆಗಳಲ್ಲಿ ತಾಯಂದಿರು ಉಳಿದ ಅನ್ನವನ್ನು ಅಗಲವಾದ ತಟ್ಟೆಗೆ ಹರಡಿ, ಒಂದು ಗಂಟೆಯೊಳಗೆ ತಣಿಸಿ ಫ್ರಿಜ್ಜಿನಲ್ಲಿಟ್ಟು, 24 ಗಂಟೆಗಳೊಳಗೆ ಚೆನ್ನಾಗಿ ಬಿಸಿಮಾಡಿ ಮುಗಿಸಲಿ.