ವಿದ್ಯಾದಾಸೋಹ
ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚಾಗಿ ತಂದನು. ಸತಿ ಲಕ್ಕಮ್ಮನು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ವಿಧಿಸಿದಳು. ಮಿಕ್ಕುದು ತನ್ನದಲ್ಲವೆಂಬುದೇ ದಾಸೋಹದ ಮರ್ಮ. ಇದನ್ನರಿತೇ 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟರು.

ಆದರೆ ಹಣವೊಂದರಿಂದಲೇ ಈ ಕಾರ್ಯವು ಮುಗಿಯದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ತೋಟದ ಕೂಲಿಯವರ ಮನೆಯಿಂದ ಮೊತ್ತಮೊದಲು ಕಾಲೇಜಿನ ಮೆಟ್ಟಿಲೇರುವ ಹುಡುಗಿಗೆ, ಯಾವ ವಿಷಯವನ್ನು ಆರಿಸಿಕೊಳ್ಳಬೇಕು, ವಿದ್ಯಾರ್ಥಿವೇತನಕ್ಕೆ ಅರ್ಜಿಯನ್ನು ಹೇಗೆ ಬರೆಯಬೇಕು, ಪದವಿಯಾದ ಬಳಿಕ ಉದ್ಯೋಗಕ್ಕೆ ಯಾರನ್ನು ಕಾಣಬೇಕು ಎಂದು ಹೇಳುವವರು ಮನೆಯಲ್ಲಿಲ್ಲ. ನಿವೃತ್ತ ಉಪಾಧ್ಯಾಯರ ಬಿಡುವಿನ ಸಂಜೆಯೂ ಮಿಕ್ಕ ಅಕ್ಕಿಯೇ ಅಲ್ಲವೆ? ಊರಿನ ಓದಿದ ಭಕ್ತರೊಬ್ಬರು ಒಂದೊಂದು ಮಗುವನ್ನು ವಹಿಸಿಕೊಂಡು, ಅದಕ್ಕೊಂದು ಕಾಯಕವು ದೊರೆಯುವವರೆಗೂ ವಿಚಾರಿಸಿಕೊಳ್ಳುತ್ತಿರಬೇಕು.